ಪಂಚಮಿ ತನಕ ದಾಂಡೇಲಿ

ಊರು ಬಿಟ್ಟು ಊರಿಗೆ ಹೋದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಹೋದ ಹೊಸದರಲ್ಲಿ ಆ ಊರು ನಮ್ಮನ್ನು ನೋಡಿ ನಗುತ್ತದೆ. ಸ್ವಲ್ಪ ಹಳಬರಾದ ಮೇಲೆ ನಮ್ಮ ಹಿಂದೆ ಬಂದವರನ್ನು ನೋಡಿ ನಾವು ನಗುತ್ತೇವೆ. ನನ್ನ ಪಾಲಿಗೆ ಎರಡೂ ಒಟ್ಟಿಗೇ ಬಂದವು, ಯಾಕೆಂದರೆ ನನ್ನ ಸಂಗಡ ಅವ್ವ ಬಂದಿದ್ದಳು.

ನಮ್ಮದು ನವಲಗುಂದದ ಕಡೆಯ ಎರಿ ಭೂಮಿ. ನಮ್ಮೂರ ಅಗಸಿ ಬಾಗಿಲಲ್ಲಿ ನಿಂತರೆ ಮುಂದಿನ ಊರಿನ ಅಗಸಿ ಕಾಣುತ್ತದೆ, ನಡುವೆ ಅಡ್ಡ ಬರಲು ಒಂದು ಮರವೂ ಇಲ್ಲ. ಅಂಥಲ್ಲಿಂದ ನಾನು ದಾಂಡೇಲಿಯ ಕಾಗದದ ಮಿಲ್ಲಿಗೆ ನೌಕರಿಗೆ ಹೋದೆ. ಗೋವಾದಲ್ಲಿ ಆಗಿನ್ನೂ ಪೋರ್ತುಗೀಜರಿದ್ದರು. ದಾಂಡೇಲಿಯ ಆಚೆ ಕ್ಯಾಸಲ್‌ರಾಕ್, ಅದನ್ನು ದಾಟಿದರೆ ಬೇರೆಯವರ ರಾಜ್ಯ ಎಂದು ಯಾರೋ ಅವ್ವನಿಗೆ ಹೇಳಿದ್ದರು. ಅವಳು ಅದನ್ನು ತನಗೆ ಬೇಕಾದಷ್ಟು ಹಿಗ್ಗಿಸಿ, ಮಗ ಪರದೇಶದಲ್ಲಿ ನೌಕರಿಗೆ ಇದ್ದಾನೆ ಎಂದು ಓಣಿಗೆಲ್ಲ ಸಾರಿಬಿಟ್ಟಿದ್ದಳು.

ಅಪ್ಪ ತೀರಿಕೊಂಡಿದ್ದ, ನಾನೊಬ್ಬನೇ ಮಗ. ಮಿಲ್ಲಿನ ಚಾಳಿನಲ್ಲಿ ಮನೆ ಸಿಕ್ಕ ಕೂಡಲೇ ಅವ್ವನನ್ನು ಕರೆಯಲು ಹೋದೆ. ಅವಳು ಒಂದು ಶರತ್ತು ಹಾಕಿದಳು. ನಾಗರಪಂಚಮಿಗೆ ಹೆಣ್ಣುಮಗಳನ್ನು ಕರೆಯಲು ಅಣ್ಣ ಬರುವುದು ನಮ್ಮ ಕಡೆಯ ರೂಢಿ. ತಂಗಿಯ ತಲೆ ನೆರೆತಿದ್ದರೂ ಸರಿ, ಅಣ್ಣನ ಹಲ್ಲು ಬಿದ್ದಿದ್ದರೂ ಸರಿ, ಬರಲೇಬೇಕು.

"ಪಂಚಮಿಗೆ ನಿಮ್ಮ ಮಾವ ನಾ ಎಲ್ಲಿದ್ರೂ ಬರ್ತಾನ. ಅಲ್ಲೀತನಕ ಇದ್ದು ನೋಡ್ತೇನಿ. ಮನಸಿಗೆ ಬರಲಿಲ್ಲಂದ್ರ ಅವನ ಸಂಗಾಟ ಹೊಳ್ಳಿ ಬರ್ತೇನಿ," ಅಂದಳು.

ಅವಳು ಹೊರಳಿ ಬಂದರೆ ನಾನೂ ಬರಬೇಕು. ಅವಳೊಬ್ಬಳನ್ನೇ ಊರಲ್ಲಿ ಬಿಡುವ ಮನಸ್ಸು ನನಗಿರಲಿಲ್ಲ. ಅಂದರೆ ನನ್ನ ನೌಕರಿ ಇರುವುದೋ ಹೋಗುವುದೋ ಎಂಬುದು ಮಿಲ್ಲಿನ ಮಾಲೀಕರ ಕೈಯಲ್ಲಿರಲಿಲ್ಲ, ಪಂಚಮಿಯ ಕೈಯಲ್ಲಿತ್ತು.

ಕುಳ್ಳಿನ ಚೀಲ

ನಮ್ಮ ಕಡೆ ಒಲೆಗೆ ಹತ್ತಿಕಟ್ಟಿಗೆ, ಸಗಣಿಯ ಕುಳ್ಳು. ಸೌದೆ ಎಂಬುದು ಮದುವೆ ಮನೆಗೆ ಮಾತ್ರ. ಹೊಸ ಊರಲ್ಲಿ ಮೊದಲ ದಿನವೇ ಒಲೆ ಹೊತ್ತಿಸಲು ಏನು ಮಾಡುವುದು ಎಂದು ಅವ್ವ ಒಂದು ದೊಡ್ಡ ಚೀಲದ ತುಂಬ ಕುಳ್ಳು ಜೋಡಿಸಿಕೊಂಡಳು. ದಾಂಡೇಲಿ ಅಂದರೆ ಅಡವಿಯ ಹೊಟ್ಟೆಯೊಳಗಿನ ಊರು, ಅಲ್ಲಿ ಕಟ್ಟಿಗೆಗೆ ಬರವಿಲ್ಲ ಎಂದು ನಾನು ಹೇಳಿದೆ. ಕಂಡ ಮೇಲೆ ನಂಬುತ್ತೇನೆ ಅಂದಳು.

ಹಳಿಯಾಳ ದಾಟಿದ ಮೇಲೆ ಬಸ್ಸಿನ ಎರಡೂ ಕಡೆ ಸಾಗವಾನಿ ಶುರುವಾಯಿತು. ಅವ್ವ ಸೆರಗು ಬಿಗಿಹಿಡಿದು ಕೂತು, ಬಹಳ ಹೊತ್ತಾದ ಮೇಲೆ, ಇಷ್ಟು ಮರ ಇಟ್ಟುಕೊಂಡು ಇವರು ಬಿತ್ತುವುದು ಎಲ್ಲಿ ಎಂದು ಕೇಳಿದಳು. ಅಷ್ಟರಲ್ಲಿ ಅರಣ್ಯದವರ ನಾಕಾ ಬಂತು. ಗಾರ್ಡು ಬಸ್ಸಿನ ಮೇಲೇರಿ ನಮ್ಮ ಚೀಲದ ಬಾಯಿ ಬಿಚ್ಚಿದ. ಅಡವಿಯಿಂದ ಕಟ್ಟಿಗೆ ಕದ್ದು ಹೊರಗೆ ಒಯ್ಯುವವರನ್ನು ಹಿಡಿದು ಹಿಡಿದು ಅವನಿಗೆ ಸಾಕಾಗಿತ್ತು. ಹೊರಗಿನಿಂದ ಅಡವಿಗೆ ಉರುವಲು ತರುವವರನ್ನು ಅವನು ನೋಡಿದ್ದು ಅದೇ ಮೊದಲು. ತಾನೊಬ್ಬನೇ ನೋಡಿದರೆ ನಾಳೆ ಯಾರೂ ನಂಬಲಿಕ್ಕಿಲ್ಲ ಎಂದುಕೊಂಡನೋ ಏನೋ, ಊಟಕ್ಕೆ ಕೂತಿದ್ದ ತನ್ನ ಜೊತೆಗಾರನನ್ನೂ ಕೂಗಿ ಕರೆದ. ಅವನು ಎಂಜಲು ಕೈಯಲ್ಲೇ ಬಂದು ನೋಡಿದ.

ಅವ್ವ ಕಿಡಕಿಯಿಂದ ತಲೆ ಹೊರಹಾಕಿ, ಮುಟ್ಟಬೇಡಿ, ಮುರಿಯುತ್ತವೆ ಎಂದು ಎಚ್ಚರಿಕೆ ಕೊಟ್ಟಳು. ಗಾರ್ಡು ಕೆಳಗಿಳಿದು ಬಹಳ ಮರ್ಯಾದೆಯಿಂದ, "ಅವ್ವಾರ, ಒಳಗ ಒಯ್ಯೂದಕ್ಕ ಏನೂ ತಕರಾರಿಲ್ರಿ. ನಾವು ನೋಡೂದು ಹೊರಗ ಬರುವಾಗ ಅಷ್ಟ," ಅಂದ.

"ಹಂಗಾರ ಪಂಚಮಿಗೆ ನೋಡ್ರಿ," ಅಂದಳು ಅವ್ವ. "ಚೀಲ ಖಾಲಿ ಮಾಡಿ ತರ್ತೇನಿ."

ಯಾರ ಮನೆಯ ವಾಸನೆ

ಕಾಗದದ ಮಿಲ್ಲಿನ ಊರಿಗೆ ಹೋದವರಿಗೆ ಬೇರೆ ಹೇಳಬೇಕಾಗಿಲ್ಲ. ಬಿದಿರನ್ನು ಔಷಧಿ ಹಾಕಿ ಬೇಯಿಸುವಾಗ ಒಂದು ವಾಸನೆ ಬರುತ್ತದೆ. ಎಲೆಕೋಸು ಕೊಳೆತಂತೆ ಎಂದು ಕೆಲವರು, ಮೊಟ್ಟೆ ಕೆಟ್ಟಂತೆ ಎಂದು ಕೆಲವರು. ನಾನು ಮೊದಲೇ ಬಂದು ಮೆಸ್ಸಿನಲ್ಲಿದ್ದುಕೊಂಡು ಹಳಬನಾಗಿದ್ದೆ. ನನ್ನ ಮೂಗಿಗೆ ಅದು ತಟ್ಟುವುದು ಎಂದೋ ನಿಂತಿತ್ತು, ಹಾಗೊಂದು ವಾಸನೆ ಇದೆ ಎಂಬುದೇ ಮರೆತಿತ್ತು.

ಬಂದ ಮರುದಿನ ಅವ್ವ ಏನೋ ನಾರುತ್ತಿದೆ ಅಂದಳು. ನಾನು ಮೂಗೇರಿಸಿ ನೋಡಿ ಏನೂ ಇಲ್ಲವಲ್ಲ ಅಂದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿ, ನೆಗಡಿಯಾಗಿದೆ ಎಂದು ತೀರ್ಮಾನಿಸಿ ಕಷಾಯ ಕುಡಿಸಿದಳು. ಆಮೇಲೆ ಮನೆ ತೊಳೆದಳು. ಚೆನ್ನಾಗಿದ್ದ ಮಜ್ಜಿಗೆ ಚೆಲ್ಲಿದಳು. ಊರಿಂದ ತಂದ ಗುರೆಳ್ಳು ಚಟ್ನಿಯ ಮೇಲೆ ಸಂಶಯ ಬಂದು ಅದನ್ನು ಬಿಸಿಲಿಗಿಟ್ಟಳು. ವಾಸನೆ ಹೋಗಲಿಲ್ಲ. ಕಡೆಗೆ ಅವಳ ಕಣ್ಣು ಪಕ್ಕದ ಮನೆಯ ಮೇಲೆ ಬಿತ್ತು.

ಪಕ್ಕದಲ್ಲಿ ಜೋಯಿಡಾ ಕಡೆಯ ಕೊಂಕಣಿ ಹೆಂಗಸೊಬ್ಬಳು ಗಂಡನೊಂದಿಗೆ ಇದ್ದಳು. ಚಾಳಿನವರೆಲ್ಲ ಅವಳನ್ನು ಮಾವಶಿ ಅನ್ನುತ್ತಿದ್ದರು. ಅವರೂ ನಮ್ಮ ಹಾಗೇ ಅದೇ ವಾರ ಸಂಸಾರ ಹೂಡಿದವರು. ಅವರ ಕಿಡಕಿಯಲ್ಲಿ ಒಣ ಮೀನು ತೂಗುತ್ತಿತ್ತು. ಇದೇ ಎಂದು ಅವ್ವನಿಗೆ ಖಾತ್ರಿಯಾಯಿತು. ಆದರೆ ಹೊಸ ನೆರೆ, ಬಾಯಿ ಬಿಟ್ಟು ಹೇಗೆ ಹೇಳುವುದು? ನಮ್ಮ ಗೋಡೆಯ ಪಕ್ಕ ಊದಿನಕಡ್ಡಿ ಹಚ್ಚಿಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ ಮಾವಶಿಯೂ ತನ್ನ ಕಡೆಯಿಂದ ಲೋಬಾನದ ಹೊಗೆ ಹಾಕುತ್ತಿದ್ದಳು. ಅವಳ ಸಂಶಯ ಇದ್ದದ್ದು ನಮ್ಮ ಕುಳ್ಳಿನ ಚೀಲದ ಮೇಲೆ.

ನಾಲ್ಕಾರು ದಿನ ಈ ಸಭ್ಯ ಯುದ್ಧ ನಡೆಯಿತು. ಒಂದು ಸಂಜೆ ಇಬ್ಬರೂ ಹೊಗೆ ತಾಳದೆ ಸ್ವಚ್ಛ ಗಾಳಿಗೆಂದು ಏಕಕಾಲಕ್ಕೆ ಅಂಗಳಕ್ಕೆ ಬಂದರು. ಅಂಗಳದಲ್ಲಿ ವಾಸನೆ ಇನ್ನೂ ಜೋರಾಗಿತ್ತು. ಅವ್ವ ಮೂಗು ಮುಟ್ಟಿ ತೋರಿಸಿ, ಇದು ಏನು ಎಂದು ಕೈಯಲ್ಲೇ ಕೇಳಿದಳು. ಮಾವಶಿಗೆ ಕನ್ನಡ ಅರೆಬರೆ. ಅವಳು ಯೋಚಿಸಿ, ತನ್ನ ಶಕ್ತಿಮೀರಿ ಸಭ್ಯವಾಗಿ ಉತ್ತರಿಸಿದಳು.

"ಆಧೀ, ಮೊದಲು ಏನೂ ಇರಲಿಲ್ಲಾ ಅವ್ವಾ. ನೀವು ಬಂದ ಮ್ಯಾಲೇ ಬಂತು."

ಪಾಳಿ ಮುಗಿಸಿ ಬಂದ ಮಾವಶಿಯ ಗಂಡ ಮಿಲ್ಲಿನ ಹೊಗೆಗೊಳವೆ ತೋರಿಸಿ ಇಬ್ಬರಿಗೂ ತಿಳಿಹೇಳಿದ. ಜಗಳ ಹತ್ತುವ ಮೊದಲೇ ಮುಗಿಯಿತು. ಆದರೆ ಆ ಮಾತನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಂಡಳು.

ಲಾರಿಗೆ ಕೈಮುಗಿದದ್ದು

ನಮ್ಮ ಚಾಳಿನ ಮುಂದೆಯೇ ಮಿಲ್ಲಿಗೆ ಹೋಗುವ ರಸ್ತೆ. ಅದರಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಬಿದಿರಿನ ಲಾರಿಗಳು. ಅವ್ವ ಹೊಸಲಿನಲ್ಲಿ ಕೂತು ಅಕ್ಕಿ ಆರಿಸುತ್ತ ಇದನ್ನು ನೋಡುತ್ತಿದ್ದಳು. ದಿನದಿಂದ ದಿನಕ್ಕೆ ಅವಳ ಮುಖ ಇಳಿಯುತ್ತ ಹೋಯಿತು. ಊಟವೂ ಸರಿಯಾಗಿ ಸೇರುತ್ತಿರಲಿಲ್ಲ. ಊರಿನ ನೆನಪಾಗಿದೆ, ಪಂಚಮಿಯವರೆಗೂ ಇವಳು ನಿಲ್ಲುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಒಂದು ದಿನ ನನ್ನನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಕೇಳಿದಳು. "ಖರೇ ಹೇಳ ತಮ್ಮಾ. ಈ ಊರಾಗ ಏನ್ ಬ್ಯಾನಿ ಬಂದೈತಿ?"

ನನಗೆ ತಲೆಬುಡ ತಿಳಿಯಲಿಲ್ಲ. ಅವಳು ರಸ್ತೆಯ ಕಡೆ ಕೈ ಮಾಡಿದಳು. ಆಗ ಬೆಳಕು ಹರಿಯಿತು. ನಮ್ಮ ಬಯಲುಸೀಮೆಯಲ್ಲಿ ಓಣಿಯೊಳಗೆ ಹಸಿ ಬಿದಿರು ಬಂತೆಂದರೆ ಒಂದೇ ಅರ್ಥ. ಯಾರೋ ಹೋಗಿದ್ದಾರೆ, ಹೆಣ ಹೊರುವ ಸಿದಗಿ ಕಟ್ಟುತ್ತಾರೆ. ಒಬ್ಬರಿಗೆ ಎರಡು ಗಳ ಸಾಕು. ಇಲ್ಲಿ ಲಾರಿಗಟ್ಟಲೆ ಬರುತ್ತಿತ್ತು.

ಪಾಪ, ಅವ್ವ ಅಷ್ಟೂ ದಿನ ಪ್ರತಿ ಲಾರಿಗೂ ಎದ್ದು ನಿಂತು, ಸೆರಗು ಹೊದ್ದು, ಶಿವಶಿವಾ ಎಂದು ಕೈಮುಗಿದಿದ್ದಳು. ಅದನ್ನು ಕಂಡ ಮಾವಶಿ, ಒಳಗೆ ಯಾವುದೋ ದೇವರು ಹೋಗುತ್ತಿರಬೇಕು, ತನಗೇಕೆ ಪುಣ್ಯ ತಪ್ಪಬೇಕು ಎಂದು ತಾನೂ ಕೈಮುಗಿಯತೊಡಗಿದ್ದಳು. ಅವಳನ್ನು ನೋಡಿ ಚಾಳಿನ ಉಳಿದ ಹೆಂಗಸರು. ಲಾರಿಯ ಡ್ರೈವರುಗಳು ಮಲಬಾರಿನ ಕಡೆಯವರು, ಇಷ್ಟು ಮರ್ಯಾದೆ ಅವರಿಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಒಬ್ಬನಂತೂ ನಮ್ಮ ಚಾಳಿನ ಹತ್ತಿರ ಬಂದೊಡನೆ ಗಾಡಿ ನಿಧಾನ ಮಾಡಿ, ತಲೆಯ ರುಮಾಲು ತೆಗೆದು, ತಿರುಗಿ ಕೈಮುಗಿದು ಮುಂದೆ ಹೋಗುತ್ತಿದ್ದ.

ಬಿದಿರಿನಿಂದಲೇ ಕಾಗದ ಮಾಡುತ್ತಾರೆ, ಪೋಸ್ಟಿನ ಪತ್ರಗಳು ಬರುವುದೂ ಇಂಥ ಕಾಗದದ ಮೇಲೆಯೇ ಎಂದು ನಾನು ಬಿಡಿಸಿ ಹೇಳಿದೆ. ಅವಳ ಎದೆಯ ಭಾರ ಇಳಿದದ್ದು ಕಾಣಿಸಿತು. ಎದ್ದು ಒಲೆಯ ಕಡೆ ಹೋಗುತ್ತ ಅಂದಳು:

"ಹಂಗಾರ ಬರೋಬ್ಬರಿ ಆತು. ಅದಕ್ಕ ಟಪಾಲಿನ್ಯಾಗ ಬರೇ ಸತ್ತ ಸುದ್ದೀನ ಬರ್ತಾವ."

ಕಾದು ನಿಂತ ಬಸ್ಸು

ಹೊಗೆಯ ಯುದ್ಧ ಮುಗಿದ ಮೇಲೆ ಅವ್ವ ಮತ್ತು ಮಾವಶಿ ಜೀವದ ಗೆಳತಿಯರಾದರು. ಇವಳು ಕನ್ನಡದಲ್ಲಿ, ಅವಳು ಕೊಂಕಣಿಯಲ್ಲಿ, ಮಧ್ಯಾಹ್ನವೆಲ್ಲ ಮಾತು. ಅವಳ ಸೊಸೆ ಎಷ್ಟು ಗಯ್ಯಾಳಿ ಎಂದು ಅವ್ವ ರಾತ್ರಿ ಊಟಕ್ಕೆ ಬಡಿಸುತ್ತ ನನಗೆ ಮರುಗಿ ಹೇಳುತ್ತಿದ್ದಳು. ಮಾವಶಿಗೆ ಮಕ್ಕಳೇ ಇರಲಿಲ್ಲ. ನಾನು ಅದನ್ನು ಹೇಳಲು ಹೋಗಲಿಲ್ಲ. ಇಬ್ಬರಿಗೂ ಸಮಾಧಾನವಿತ್ತು, ನಡುವೆ ನನ್ನದೇನು?

ಮಳೆ ಹಿಡಿಯುವ ಮೊದಲು ಮಾವಶಿ ಅವ್ವನನ್ನು ಕುಂಬಾರವಾಡದ ಹತ್ತಿರದ ತನ್ನ ತವರಿಗೆ ಕರೆದುಕೊಂಡು ಹೋದಳು. ಅಲ್ಲಿಗೆ ಬಸ್ಸು ಅಪರೂಪ. ಹೋದದ್ದೇ ಬಸ್ಸು ಮಧ್ಯಾಹ್ನ ಹೊರಳುತ್ತದೆ, ಅದು ತಪ್ಪಿದರೆ ಆ ದಿನ ಮತ್ತೊಂದಿಲ್ಲ.

ಸಂಜೆ ಅವ್ವ ಮಡಿಲಲ್ಲಿ ಮಗುವಿನಂತೆ ಒಂದು ಹಲಸಿನಹಣ್ಣು ಹೊತ್ತು ಬಂದಳು. ಮುಖದಲ್ಲಿ ನಾನು ಅಲ್ಲಿಯವರೆಗೆ ಕಾಣದ ಬೆಳಕಿತ್ತು. ನಮ್ಮೂರಲ್ಲಿ ಬಸ್ಸು ಗೌಡರಿಗೂ ನಿಲ್ಲುವುದಿಲ್ಲ, ಧೂಳು ಹೊಡೆದು ಹೋಗುತ್ತದೆ. ಇಲ್ಲಿ ತಾನು ಎರಡನೆಯ ಸಲ ಅನ್ನ ಹಾಕಿಸಿಕೊಂಡು, ಮೇಲೆ ಹಲಸಿನ ತೊಳೆ ತಿಂದು, ಕೈ ತೊಳೆಯುವವರೆಗೂ ಬಸ್ಸು ಬೇಲಿಯ ಹೊರಗೆ ಸುಮ್ಮನೆ ನಿಂತಿತ್ತಂತೆ. ಒಳಗಿದ್ದ ಮಂದಿಯೂ ಗದ್ದಲ ಮಾಡಲಿಲ್ಲವಂತೆ. "ಈ ದೇಶದ ಮಂದೀಗೆ ದೊಡ್ಡವರು ಸಣ್ಣವರು ಗೊತ್ತೈತಿ," ಎಂದು ಹೊಗಳಿದಳು. ದಾಂಡೇಲಿಯ ಬಗ್ಗೆ ಅವಳ ಬಾಯಲ್ಲಿ ಬಂದ ಮೊದಲ ಒಳ್ಳೆಯ ಮಾತು ಅದು.

ನನಗೆ ಆಶ್ಚರ್ಯ. ಮುಂದೆ ಬಸ್‌ಸ್ಟ್ಯಾಂಡಿನಲ್ಲಿ ಆ ಡ್ರೈವರ್ ಸಿಕ್ಕಾಗ, ನಮ್ಮ ಅವ್ವನಿಗಾಗಿ ಕಾದಿರಲ್ಲ, ಉಪಕಾರವಾಯಿತು ಎಂದೆ. ಅವನು ಸ್ವಲ್ಪ ಸಂಕೋಚಪಟ್ಟ. ಅವನೂ ಆ ಮನೆಯಲ್ಲೇ ಊಟಕ್ಕೆ ಕೂತಿದ್ದ, ಅವ್ವನ ಪಕ್ಕದ ಎಲೆಯಲ್ಲಿ. ಕಂಡಕ್ಟರ್ ಅವನ ಆಚೆಗೆ.

ಅವ್ವನ ಪಾಳಿ

ಆಮೇಲೆ ಮಳೆ ಹಿಡಿಯಿತು. ಹಿಡಿಯಿತೆಂದರೆ ಬಿಡಲೇ ಇಲ್ಲ. ಚಾಳಿನಲ್ಲಿ ಎಲ್ಲರ ಸೌದೆಯೂ ನೆನೆದು, ಒಲೆಗಳು ಹೊತ್ತದೆ ಬರೀ ಹೊಗೆ. ಅವ್ವನ ಚೀಲದ ಕುಳ್ಳಿಗೆ ಆಗ ಬಂತು ಬೆಲೆ. ಒಂದು ತುಂಡು ಕೊಡಿ ಎಂದು ತಟ್ಟೆ ಹಿಡಿದು ಮೊದಲು ಬಂದವಳು ಮಾವಶಿಯೇ. ಅವ್ವ ಧಾರಾಳವಾಗಿ ಕೊಟ್ಟಳು. ಆದರೆ ಅವಳ ಮನಸ್ಸಿಗೆ ಬೇರೆ ಕೊರೆತ ಹತ್ತಿತ್ತು.

ಪ್ರತಿ ವರ್ಷ ಪಂಚಮಿಗೆ ಮಾವ ಬಂದಾಗ ಅವ್ವ ಅವನ ಮುಂದೆ ಅಕ್ಕಿ ಹಪ್ಪಳ ಇಡುತ್ತಿದ್ದಳು. ಅವನು ಅದಕ್ಕಾಗಿಯೇ ಬರುತ್ತಾನೇನೋ ಅನ್ನುವಷ್ಟು ಆಸೆ ಅವನಿಗೆ. ಈ ಸಲ ಬೇಸಿಗೆಯಲ್ಲಿ ಊರು ಬಿಡುವ ಗಡಿಬಿಡಿ, ಹಪ್ಪಳ ಮಾಡಿರಲಿಲ್ಲ. ಸೂರ್ಯ ಅಲ್ಲೂ ಇರುತ್ತಾನಲ್ಲ, ಹೋದ ಮೇಲೆ ಮಾಡಿದರಾಯಿತು ಎಂದುಕೊಂಡಿದ್ದಳು. ಈಗ ಸೂರ್ಯನ ಪತ್ತೆಯೇ ಇಲ್ಲ. ಲಟ್ಟಿಸಿದ ಮೊದಲ ಹಪ್ಪಳಗಳಿಗೆ ಬೂಸರು ಬಂತು.

"ಅಣ್ಣನ ಮುಂದ ಒಂದು ಹಪ್ಪಳ ಇಡಾಕ ಆಗದ ಮನಿ, ಅದೊಂದು ಮನಿ ಏನು? ಬಿಸಿಲಿಲ್ಲದ ಊರಾಗ ನಾ ಇರಂಗಿಲ್ಲ," ಅಂದುಬಿಟ್ಟಳು.



ನನ್ನ ಕೆಲಸದ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ನಾನು ಮಿಲ್ಲಿನ ಲ್ಯಾಬಿನಲ್ಲಿದ್ದೆ. ಬಿದಿರು ಬೆಂದು ಹಿಟ್ಟಾದ ಮೇಲೆ ಅದರಲ್ಲಿ ಸ್ವಲ್ಪ ತಂದು, ನೀರಿನಲ್ಲಿ ಕದಡಿ, ಜಾಲರಿಯ ಮೇಲೆ ದುಂಡಗೆ ತೆಳ್ಳಗೆ ಹಾಳೆ ಮಾಡಿ, ಬಿಸಿ ತಟ್ಟೆಯ ಮೇಲೆ ಒಣಗಿಸುವುದು. ಆಮೇಲೆ ಅದನ್ನು ಬೆಳಕಿಗೆ ಹಿಡಿದು ಕಸ ನೋಡುವುದು, ಯಂತ್ರದಲ್ಲಿ ಬಿಗಿದು ಎಷ್ಟು ಒತ್ತಿದರೆ ಒಡೆಯುತ್ತದೆ ಎಂದು ಒಡೆಯುವುದು. ಇದನ್ನು ಮೊದಲ ಸಲ ಕೇಳಿದಾಗ ಅವ್ವ, ರೊಟ್ಟಿ ಬಡಿದು ಹರಿದುಹಾಕುವುದಕ್ಕೆ ನಿನಗೆ ಪಗಾರ ಕೊಡುತ್ತಾರೇನು ಎಂದು ನಂಬಿರಲಿಲ್ಲ.

ಬಿಸಿ ತಟ್ಟೆ ಅಂದೆನಲ್ಲ. ಮಳೆಗಾಲದಲ್ಲಿ ಅದರ ಅಂಚಿನಲ್ಲಿ ನಾವು ಟೋಪಿ, ಕಾಲುಚೀಲ ಒಣಗಿಸಿಕೊಳ್ಳುವುದು ಇದ್ದೇ ಇತ್ತು. ಹಪ್ಪಳ ಏನು ಪಾಪ ಮಾಡಿತ್ತು? ಲ್ಯಾಬಿನ ಹಿರಿಯ ಸಹಾಯಕರು ಬೆಳಗಾವಿಯವರು. ಸುಟ್ಟ ಹಪ್ಪಳದಲ್ಲಿ ತಮಗೂ ಪಾಲು ಎಂಬ ಮಾತಿನ ಮೇಲೆ ಅವರು ಕಣ್ಣು ಮುಚ್ಚಿಕೊಂಡರು. ಅವ್ವ ಮುಂಜಾನೆ ಲಟ್ಟಿಸಿ, ಬಟ್ಟೆಯ ಪದರಿನಲ್ಲಿ ಜೋಡಿಸಿ ಡಬ್ಬಿಯಲ್ಲಿ ಕಳಿಸುತ್ತಿದ್ದಳು, ನಾನು ಸಂಜೆ ಒಣಗಿಸಿ ತರುತ್ತಿದ್ದೆ. ಅವಳ ಮುಖವೂ ಹಪ್ಪಳದ ಜೊತೆಗೇ ಅರಳತೊಡಗಿತು.

ಪಂಚಮಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ನಮ್ಮ ದೊಡ್ಡ ಸಾಹೇಬರು ಹೇಳದೆ ಕೇಳದೆ ಲ್ಯಾಬಿಗೆ ಬಂದರು. ಬಂಗಾಲದವರು, ಗಂಭೀರ ಮನುಷ್ಯ, ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಸಂಗಡ ಕಾಗದ ಕೊಳ್ಳುವ ದೊಡ್ಡ ವ್ಯಾಪಾರಿಯೊಬ್ಬರು. ನಮ್ಮ ಮಾಲು ನೋಡಿ ಎಂದು ಸಾಹೇಬರು ತಟ್ಟೆಯ ಮೇಲಿಂದ ಒಂದು ಹಾಳೆ ಎತ್ತಿ ಕಿಡಕಿಯ ಬೆಳಕಿಗೆ ಹಿಡಿದರು.

ಜೀರಿಗೆ ಕಂಡಿತು. ನಡುನಡುವೆ ಎಳ್ಳು.

ಇಷ್ಟು ಕಸ ಎಲ್ಲಿಂದ ಬಂತು ಎಂದು ಸಾಹೇಬರು ಹಿಂದಿಯಲ್ಲಿ ಕೇಳಿದರು. ನಾನು ಬೆಳಗಾವಿಯವರ ಕಡೆ ನೋಡಿದೆ. ಬೆಳಗಾವಿಯವರು ಗೋಡೆಯ ಗಡಿಯಾರ ನೋಡುತ್ತ ನಿಂತರು. ಸಾಹೇಬರು ತಾವೇ ಅದನ್ನು ಯಂತ್ರದಲ್ಲಿ ಬಿಗಿದು ಹಿಡಿಕೆ ತಿರುಗಿಸಲು ಹೋದರು. ತಿರುಗಿಸುವ ಮೊದಲೇ ಅದು ಫಟ್ಟೆಂದು ಚೂರುಚೂರಾಯಿತು. ವ್ಯಾಪಾರಿ ಒಂದು ಹೆಜ್ಜೆ ಹಿಂದೆ ಸರಿದರು. ಸಾಹೇಬರ ಮುಖ ಬಿಳಿಚಿಕೊಂಡಿತು. ಹಳೆಯ ಕಾಲದ ರಸಾಯನದವರಿಗೆ ಏನನ್ನಾದರೂ ಸರಿ ನಾಲಿಗೆಗೆ ಹಚ್ಚಿ ನೋಡುವ ಚಟ. ಒಂದು ಚೂರು ತೆಗೆದು ಹಚ್ಚಿಕೊಂಡರು, ಇನ್ನೊಂದು ಚೂರು ಹಚ್ಚಿಕೊಂಡರು. ಆಮೇಲೆ ಬಹಳ ಶಾಂತವಾಗಿ, ಇದು ಯಾವ ಪಾಳಿಯ ಮಾಲು ಎಂದು ಕೇಳಿದರು.

"ಸರ್," ಅಂದೆ, "ನಮ್ಮ ಅವ್ವನ ಪಾಳೀದು."

ನೌಕರಿ ಹೋಯಿತು, ಇನ್ನು ಅವ್ವನಿಗೆ ಪಂಚಮಿಯವರೆಗೆ ಕಾಯುವ ತೊಂದರೆಯೂ ಇಲ್ಲ ಎಂದು ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟುತ್ತಿದ್ದೆ. ಸಾಹೇಬರು ಒಂದು ಪರೀಕ್ಷೆ ಇನ್ನೂ ಉಳಿದಿದೆ ಅಂದರು. ಇಕ್ಕಳದಲ್ಲಿ ಒಂದು ಹಪ್ಪಳ ಹಿಡಿದು ಲ್ಯಾಬಿನ ಹೀಟರಿನ ಮೇಲೆ ತಾವೇ ಸುಟ್ಟರು, ಅರ್ಧ ಮುರಿದು ವ್ಯಾಪಾರಿಗೆ ಕೊಟ್ಟರು. ಹೊರಗೆ ಮಳೆ ಸುರಿಯುತ್ತಿತ್ತು. ತಿನ್ನುತ್ತ ತಿನ್ನುತ್ತ, ತಮ್ಮ ಊರಲ್ಲಿ ಇಂಥ ಮಳೆಗೆ ತಾಯಿ ಹಪ್ಪಳ ಸುಟ್ಟು ಕೊಡುತ್ತಿದ್ದದ್ದನ್ನು ಹೇಳಿದರು. ಈ ಊರಿಗೆ ಬಂದಂದಿನಿಂದ ಯಾರ ಮನೆಯದೂ ಒಂದು ತುಣುಕು ತಿಂದಿಲ್ಲ ಅಂದರು. ಅವರೂ ಪರದೇಶದಲ್ಲೇ ಇದ್ದಾರೆ ಎಂದು ನನಗೆ ಆಗ ಹೊಳೆಯಿತು. ಹೋಗುವಾಗ, ಇನ್ನು ಮೇಲೆ ಬಿದಿರು ಈ ಕಡೆ, ಅವ್ವ ಆ ಕಡೆ, ಎರಡೂ ಬೆರೆಯಕೂಡದು ಎಂದು ಹುಕುಂ ಮಾಡಿದರು.

ಮನೆಯಲ್ಲಿ ಹೇಳಿದೆ. ಜೀರಿಗೆಗೆ ಕಸ ಅಂದದ್ದಕ್ಕೆ ಅವ್ವನಿಗೆ ಸಿಟ್ಟು ಬಂತು. ಸಾಹೇಬರ ತಾಯಿಯ ಮಾತು ಕೇಳಿದ ಮೇಲೆ ಇಳಿಯಿತು. ಮರುದಿನ ಸಾಹೇಬರಿಗೆಂದು ಬೇರೆಯೇ ಒಂದು ಡಬ್ಬಿ ತಯಾರಾಯಿತು.

ಪಂಚಮಿಯ ಹಿಂದಿನ ದಿನ ಮಾವ ಬಂದ. ಕೊಡೆ ಮುರಿದಿತ್ತು, ಅಳ್ಳು ಉಂಡಿಗಳ ಗಂಟು ಎದೆಗವಚಿಕೊಂಡಿದ್ದ, ರುಮಾಲಿನ ತುದಿ ಮೂಗಿನ ಮೇಲಿತ್ತು. ತಂಗಿಯ ಮನೆ, ಬಂದೊಡನೆ ಹೇಗೆ ಅನ್ನುವುದು ಎಂದು ಸುಮ್ಮನೆ ಕೂತ. ಅವ್ವ ಹಪ್ಪಳ ತಂದಿಟ್ಟಳು. ಮಾವ ಮುರಿದು ಬಾಯಿಗಿಟ್ಟುಕೊಂಡು ಬೆರಗಾದ. ಹಳಿಯಾಳ ಬಿಟ್ಟಾಗಿನಿಂದ ಅವನು ಸೂರ್ಯನನ್ನು ನೋಡಿರಲಿಲ್ಲ. ಇವಕ್ಕೆ ಬಿಸಿಲು ಎಲ್ಲಿ ಸಿಕ್ಕಿತು ಎಂದು ಕೇಳಿದ.

"ಈ ದೇಶದಾಗ ಸೂರ್ಯಾ ಮಿಲ್ಲಿನೊಳಗ ಇರ್ತಾನ," ಅಂದಳು ಅವ್ವ. "ನಿನ್ನ ಅಳಿಯಾ ದಿನಾ ಹೋಗಿ ಭೆಟ್ಟಿ ಆಗಿ ಬರ್ತಾನಲ್ಲ."

ಮಾವನಿಗೆ ಅರ್ಥವಾಗಲಿಲ್ಲ. ಹಪ್ಪಳ ಮುಗಿಯುವವರೆಗೆ ತಡೆದುಕೊಂಡ. ಆಮೇಲೆ ಅವನಿಂದ ತಡೆಯಲಾಗಲಿಲ್ಲ.

"ತಂಗೀ, ಈ ನಾತದಾಗ ಹೆಂಗ ಇದ್ದೀ? ಏಳು, ಗಂಟು ಕಟ್ಟು. ನಾಳೆ ಮುಂಜಾನೆ ಬಸ್ಸಿಗೆ ಹೋಗೂಣು."

ನಾನು ಅವ್ವನ ಮುಖ ನೋಡಿದೆ. ಅವ್ವ ಮಾವನ ಮುಖ ನೋಡಿದಳು. ಅವಳಿಗೆ ನಿಜವಾಗಿಯೂ ಏನೂ ಗೊತ್ತಾಗಿರಲಿಲ್ಲ. ಮೂಗೇರಿಸಿ ಒಮ್ಮೆ ಉಸಿರೆಳೆದಳು. ಸಂಶಯವೇಕೆ ಎಂದು ಬಾಗಿಲಿಗೆ ಹೋಗಿ ಮಾವಶಿಯನ್ನು ಕರೆದಳು. ಮಾವಶಿ ಬಂದು, ನಡುಮನೆಯಲ್ಲಿ ನಿಂತು, ನಾಲ್ಕೂ ಮೂಲೆಗೆ ಮೂಗು ತಿರುಗಿಸಿ, ಏನೂ ಇಲ್ಲ ಎಂದು ಕೈಯಾಡಿಸಿದಳು. ಅವ್ವ ಮಾವನ ಎದುರು ಕೂತು, ಸೆರಗಿನ ಗಂಟು ಬಿಚ್ಚಿದ ಹಾಗೆ ನಿಧಾನವಾಗಿ ಅಂದಳು:

"ಯಣ್ಣಾ, ನಮ್ಮ ಊರಾಗ ಏನೂ ಇದ್ದಿದ್ದಿಲ್ಲ ನೋಡು. ನೀ ಬಂದ ಮ್ಯಾಲೇ ಬಂದಿರಬೇಕು."